ತೂಬಗೆರೆ ಕೆಂಪರಾಜು ಸದ್ದು ದಾಟಿಸಿದ್ದು

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ ಇದೆ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ ಸಭೆ, ಎಲ್ಲಕ್ಕೂ ಸ್ಪೀಕರ್ ಡಬ್ಬ ಕಳಿಸುತ್ತೇನೆ. ಬಿಡುವಿದ್ದಾಗ ಆಂಪ್ಲಿಫೈಯರ್ ರಿಪೇರಿ. ಅಲ್ಲಿಗೆ ಬರುವವರಲ್ಲಿ ಬಾಗಿಲ ಬಳಿ ನಿಂತು, ನಾಲಿಗೆಯಲ್ಲಿ ಲೊಟಕ್ ಅಂತ ಒಂದೆರಡು ಸಲ ಸದ್ದು ಮಾಡಿ, ಆಮೇಲೆ ಒಳಗೆ ಕಾಲಿಡುವವನು ಒಬ್ಬನೇ, ತೂಬಗೆರೆಯ ಕೆಂಪರಾಜು. ಆ ಸದ್ದು ಗೋಡೆಗೂ ಡಬ್ಬಗಳಿಗೂ ತಾಗಿ ವಾಪಸ್ ಬರುವ ರೀತಿಯಲ್ಲೇ ಇವತ್ತು ಎಲ್ಲಿ ಏನು ಪೇರಿಸಿದ್ದೇನೆ ಅಂತ ಅವನಿಗೆ ಅಂದಾಜು ಸಿಗುತ್ತದೆ. ಎಡಗಡೆ ಜಾಸ್ತಿ ತುಂಬಿದೀಯಲ್ಲ, ಅನ್ನುತ್ತಾನೆ. ತಪ್ಪುವುದು ಕಡಿಮೆ.

ಅವನು ಹುಟ್ಟುಕುರುಡನಲ್ಲ. ಐಟಿಐನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಓದು ಮುಗಿದ ಮೇಲೆ ನಾನು ನಮ್ಮಪ್ಪನ ಅಂಗಡಿಗೆ ಬಂದೆ, ಅವನು ಬಾಶೆಟ್ಟಿಹಳ್ಳಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದ. ಅವನ ತಂದೆ ವೆಂಕಟರಾಯಪ್ಪನವರು ತೂಬಗೆರೆಯಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಮಗ ಶಿಫ್ಟ್ ಮುಗಿಸಿ ಬಂದು ತೋಟದ ಮೋಟರನ್ನೂ ನೋಡಿಕೊಳ್ಳುತ್ತಿದ್ದ. ತಂದೆ ತೀರಿಹೋದ ಮೇಲೆ ತೋಟವನ್ನು ಚಿಕ್ಕಪ್ಪನ ಕಡೆಯವರು ನಡೆಸತೊಡಗಿದರು. ಮನೆಯಲ್ಲಿ ತಾಯಿ ಅಕ್ಕಯಮ್ಮ, ಹೊಸದಾಗಿ ಬಂದ ಹೆಂಡತಿ ದಿವ್ಯ, ಮತ್ತು ಅವನು.

ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಪಂಪಿನ ಮೋಟರ್ ಬಿಚ್ಚುತ್ತಿದ್ದಾಗ ಪಕ್ಕದ ಪೈಪಿನ ಜಾಯಿಂಟ್ ಕಿತ್ತುಬಂದು ಮೈ ಸುಡುವ ಕಾಸ್ಟಿಕ್ ನೀರು ಅವನ ಮುಖಕ್ಕೆ ಹಾರಿತು. ಡಾಕ್ಟರುಗಳು ಒಂದು ಕಣ್ಣನ್ನಾದರೂ ಉಳಿಸಲು ಬಹಳ ದಿನ ಒದ್ದಾಡಿದರು. ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಜಗಲಿಯಲ್ಲಿ ಕೂತುಬಿಟ್ಟ. ದಿವ್ಯ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗಲು ಶುರು ಮಾಡಿದಳು. ನಾನು ಹೋದಾಗಲೆಲ್ಲ ಅವನ ಮಾತು ಹವಾಮಾನದ ಮೇಲೆ, ಬಸ್ಸಿನ ಮೇಲೆ. ಅವನ ಬಗ್ಗೆ ಏನೂ ಇಲ್ಲ.

ಅವನನ್ನು ಜಗಲಿಯಿಂದ ಎಬ್ಬಿಸಿದ್ದು ಒಂದು ಕಂಪ್ಯೂಟರ್. ಬೆಂಗಳೂರಿನಲ್ಲಿ ಅಂಧರಿಗೆ ತರಬೇತಿ ಕೊಡುವ ಒಂದು ಕಡೆ ಅಂಗೈ ಅಗಲದ ಸಣ್ಣ ಪೆಟ್ಟಿಗೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಕೊಟ್ಟರು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಯಾರು ಬೇಕಾದರೂ ತಗೊಳ್ಳಬಹುದು, ಒಳಗೆ ಏನು ಬರೆದಿದೆ ಅಂತ ಬಿಚ್ಚಿ ಓದಬಹುದು, ತಿದ್ದಲೂಬಹುದು. ತೆರೆಯ ಮೇಲೆ ಏನಿದೆಯೋ ಅದನ್ನೆಲ್ಲ ಒಂದು ಯಂತ್ರದ ದನಿ ಓದಿ ಹೇಳುತ್ತದೆ. ಕನ್ನಡವನ್ನೂ ಹೇಳುತ್ತದೆ, ಮೂಗು ಕಟ್ಟಿದವರ ಹಾಗೆ. ಅಕ್ಕಯಮ್ಮ ಅದಕ್ಕೆ 'ಒಳಗಿನವನು' ಅಂತ ಹೆಸರಿಟ್ಟರು. ಒಳಗಿನವನ ಸಹಾಯದಿಂದ ಕೆಂಪರಾಜು ಟೈಪಿಂಗ್ ಕಲಿತ, ರೆಕಾರ್ಡ್ ಆದ ಭಾಷಣ, ಸಂದರ್ಶನಗಳನ್ನು ಕೇಳಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ಹಿಡಿದ. ಮತ್ತೆ ಮನೆಯಲ್ಲಿ ಅವನ ದನಿ ಕೇಳತೊಡಗಿತು.

ಒಂದು ಮಾತ್ರ ಸರಿಹೋಗಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಿನಿಮಾ ಹುಚ್ಚು. ಬೈಕಿನಲ್ಲಿ ದೊಡ್ಡಬಳ್ಳಾಪುರಕ್ಕೋ ಯಲಹಂಕಕ್ಕೋ ಬಂದು ನೋಡಿ ಹೋಗುತ್ತಿದ್ದರು. ಕಣ್ಣು ಹೋದ ಮೇಲೆ ಮನೆಯ ಟೀವಿಯಲ್ಲಿ ಪ್ರಯತ್ನ ಮಾಡಿದರು. ದಿವ್ಯ ಪಕ್ಕದಲ್ಲಿ ಕೂತು, ಈಗ ಬಾಗಿಲು ತೆಗೆದ, ಹಿಂದೆ ಒಬ್ಬ ಕಾಯ್ತಿದಾನೆ, ಅವಳು ನೋಡಿಬಿಟ್ಟಳು, ಅಂತ ಹೇಳುತ್ತಾ ಹೋಗುವಳು. ಹೇಳುವ ಭರದಲ್ಲಿ ಅವಳಿಗೆ ಮುಂದಿನ ಮಾತು ತಪ್ಪುತ್ತಿತ್ತು. ಅವಳ ಮಾತಿನಡಿ ಅವನಿಗೆ ಸಿನಿಮಾನೇ ಕೇಳುತ್ತಿರಲಿಲ್ಲ. ಕ್ರಮೇಣ ಇಬ್ಬರೂ ಬಿಟ್ಟುಬಿಟ್ಟರು. ಬಿಡೋಣ ಅಂತ ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ದೇವನಹಳ್ಳಿ ಹತ್ತಿರದ ಒಂದು ವಿಲ್ಲಾದವರು ತಮ್ಮ ಹೋಂ ಥಿಯೇಟರ್ ಬದಲಾಯಿಸಿದರು; ಹಳೆಯ ಸಾಮಾನು ನನ್ನ ಅಂಗಡಿಗೆ ಬಂತು. ಅದರಲ್ಲೊಂದು ಒಳ್ಳೆಯ ರಿಸೀವರ್. ಸಿನಿಮಾ ಡಿಸ್ಕಿನಲ್ಲಿರುವ ಸದ್ದನ್ನು ಬಿಡಿಸಿ, ಮುಂದೆ, ಪಕ್ಕದಲ್ಲಿ, ಹಿಂದೆ, ತಲೆಯ ಮೇಲೆ ಇರುವ ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ ಅದು. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ಜೋಡಿಸಿ, ಒಂದು ಡಿಸ್ಕ್ ಪ್ಲೇಯರಿನಿಂದ ಸಿನಿಮಾ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಅದೇ ಹೊತ್ತಿಗೆ ಕೆಂಪರಾಜು ಬಂದ. ತೆರೆಯ ಮೇಲೆ ಯುದ್ಧ ನಡೆಯುತ್ತಿತ್ತು. ಅವನು ಕೈಕೋಲು ಮಡಿಸಿ ಸ್ಟೂಲಿನ ಮೇಲೆ ಕೂತು, ಏನೋ ಹೇಳುತ್ತಿದ್ದವನು ಮಾತು ನಿಲ್ಲಿಸಿ ಮುಖ ಮೇಲಕ್ಕೆತ್ತಿದ. ಒಂದು ವಿಮಾನ ಹೋದದ್ದನ್ನು ಅವನು ದೇವನಹಳ್ಳಿಗೆ ಇಳಿಯುವ ನಿಜವಾದ ವಿಮಾನ ಅಂದುಕೊಂಡಿದ್ದನಂತೆ. ಸಿನಿಮಾದ್ದು ಅಂತ ಗೊತ್ತಾದ ಮೇಲೆ ಇಡೀ ಭಾಗ ಕೇಳಿದ. ನಾನು ನಿಲ್ಲಿಸಿದಾಗ ಅವನು ಹೇಳಿದ್ದು ಇಷ್ಟು:

"ಟೀವಿಲಿ ಎಲ್ಲರೂ ಒಂದೇ ಕಿಟಕಿಯಿಂದ ಮಾತಾಡ್ತಾರೆ ಕಣೋ. ಇದ್ರಲ್ಲಿ ಅವರವರು ನಿಂತಿರೋ ಜಾಗದಿಂದ ಮಾತಾಡ್ತಾರೆ."

ರಿಸೀವರು ಅವನ ಮನೆಗೆ ಹೋಯಿತು. ನನ್ನ ಹತ್ತಿರ ಇದ್ದ ಸಣ್ಣ ಸ್ಪೀಕರುಗಳನ್ನೂ ಕಟ್ಟಿಕೊಂಡು ಒಂದು ಭಾನುವಾರ ಹೋದೆ. ಗೋಡೆಯದ್ದು ನಾನು ಹಾಕಿದೆ. ತಾರಸಿಗೆ ಡ್ರಿಲ್ ಹಿಡಿದವನು ಅವನೇ. ಕೂರುವ ಜಾಗದಿಂದ ದಾರ ಹಿಡಿದು ಅಳತೆ ಮಾಡಿ, ಏಣಿ ಹತ್ತಿ, ಬೆರಳಲ್ಲಿ ಗುರುತು ತಡವಿ ತೂತು ಕೊರೆದ. ಅಕ್ಕಯಮ್ಮ ಕೆಳಗೆ ನಿಂತು, ಮಳೆಗಾಲಕ್ಕೆ ಇಲ್ಲೇ ಸೋರೋದು ಕಣ್ಲಾ, ಅಂತ ಹೇಳುತ್ತಲೇ ಏಣಿ ಹಿಡಿದಿದ್ದರು. ಕಂಪ್ಯೂಟರಿಗೆ ಒಂದು ಡಿಸ್ಕ್ ಡ್ರೈವ್, ಕಂಪ್ಯೂಟರಿನಿಂದ ರಿಸೀವರಿಗೆ ಒಂದು ಎಚ್‌ಡಿಎಂಐ ತಂತಿ, ರಿಸೀವರಿನಿಂದ ಟೀವಿಗೆ ಇನ್ನೊಂದು. ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡೆ.

ಶುರುವಾದದ್ದೇ ಆಗ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸ್ಕಿನಲ್ಲಿ ಸದ್ದು ಒಂದು ಕಟ್ಟಿದ ಗಂಟಿನ ಹಾಗೆ ಇರುತ್ತದೆ. ಕಂಪ್ಯೂಟರೇ ಆ ಗಂಟು ಬಿಚ್ಚಿ ರಿಸೀವರಿಗೆ ಕೊಡಬಹುದು. ಆದರೆ ಹಾಗೆ ಬಿಚ್ಚಿದರೆ ಸುತ್ತಲಿನ ಸದ್ದು ಮಾತ್ರ ಸಿಗುತ್ತದೆ, ತಲೆಯ ಮೇಲಿನದ್ದು ಕಳೆದುಹೋಗುತ್ತದೆ. ಅದನ್ನು ಬಿಡಿಸುವುದು ರಿಸೀವರಿಗೆ ಮಾತ್ರ ಗೊತ್ತು. ಆದ್ದರಿಂದ ಕಂಪ್ಯೂಟರು ಗಂಟನ್ನು ಮುಟ್ಟದೆ, ಒಂದಕ್ಷರ ಬದಲಿಸದೆ, ಹಾಗೇ ದಾಟಿಸಬೇಕು. ಗಂಟಿನಲ್ಲಿ ಎರಡು ತರ. ಚಿಕ್ಕದು ಸುಲಭವಾಗಿ ಹೋಗುತ್ತದೆ. ಒಳ್ಳೆಯ ಡಿಸ್ಕುಗಳಲ್ಲಿರುವ ದೊಡ್ಡ ಗಂಟು ಬಹಳ ವೇಗವಾಗಿ, ಬೇರೆ ಗುರುತಿನ ಚೀಟಿ ಅಂಟಿಸಿಕೊಂಡು ಹೋಗಬೇಕು. ಚೀಟಿ ಇಲ್ಲದಿದ್ದರೆ ರಿಸೀವರು ತಗೊಳ್ಳುವುದೇ ಇಲ್ಲ.

ಮೊದಲ ದಿನ ಅವನು ಸದ್ದು ಹಾಗೇ ದಾಟಲಿ ಅಂತ ಕಂಪ್ಯೂಟರಿಗೆ ಹೇಳಿದ ತಕ್ಷಣ ಒಳಗಿನವನು ಬಾಯಿ ಮುಚ್ಚಿಬಿಟ್ಟ. ಎಚ್‌ಡಿಎಂಐ ತಂತಿಯನ್ನು ಸಿನಿಮಾ ಪೂರ್ತಿಯಾಗಿ ಹಿಡಿದುಕೊಂಡ ಮೇಲೆ ಅದರಲ್ಲಿ ಇನ್ನೊಂದು ದನಿಗೆ ಜಾಗ ಇರಲಿಲ್ಲ. ಕೆಂಪರಾಜು ಕೀಲಿಗಳನ್ನು ಒತ್ತಿದ, ಉತ್ತರ ಬರಲಿಲ್ಲ. ಸಿನಿಮಾದ ಸದ್ದೂ ಬರಲಿಲ್ಲ. ಅವನ ಮುಖ ನೋಡಿದಾಗ ನನಗೆ ಆಸ್ಪತ್ರೆಯ ದಿನಗಳು ಜ್ಞಾಪಕಕ್ಕೆ ಬಂದವು. ನಮಗೆ ಕರೆಂಟು ಹೋದರೆ ಕಣ್ಣಿಗೆ ಕತ್ತಲೆ. ಅವನಿಗೆ ಆ ದನಿ ಹೋದರೆ ಕತ್ತಲೆ. ಅಕ್ಕಯಮ್ಮ ಅಡಿಗೆಮನೆಯಿಂದ, ಒಳಗಿನವನು ಎಲ್ಲಿಗೋದ, ಅಂತ ಕೇಳಿದರು. ಅವನು ಕಂಪ್ಯೂಟರಿನ ಸ್ವಿಚ್ ಆರಿಸಿ ಮತ್ತೆ ಹಾಕಿದ.

ಮಾರನೇ ವಾರ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿ, ಅದಕ್ಕೊಂದು ಇಯರ್‌ಫೋನ್ ಸಿಕ್ಕಿಸಿ, ಒಳಗಿನವನ ದನಿಯನ್ನು ಆ ದಾರಿಗೆ ತಿರುಗಿಸಿದ. ಒಂದು ಕಿವಿಯಲ್ಲಿ ಇಯರ್‌ಫೋನ್, ಇನ್ನೊಂದು ಕಿವಿ ಕೋಣೆಗೆ. ಆ ತೊಂದರೆ ಅಲ್ಲಿಗೆ ಮುಗಿಯಿತು.

ಎರಡನೆಯದು ಜೋರಾಗಿ ಬಂತು. ಚಿಕ್ಕ ಗಂಟನ್ನು ಮೊದಲು ದಾಟಿಸಿ ನೋಡೋಣ ಅಂತ ಹೊರಟ. ಸದ್ದು ಯಾವ ತಂತಿಗೆ ಹೋಗಬೇಕು ಅಂತ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಹೆಸರಿನ ಕೊನೆಯಲ್ಲಿ, ಇದು ಬಿಡಿ ಸದ್ದಲ್ಲ, ಗಂಟು, ಅಂತ ತಿಳಿಸುವ ಒಂದು ಸಣ್ಣ ತುಂಡು ಬರೆಯಬೇಕು. ಅದು ಬಿಟ್ಟುಹೋಗಿತ್ತು. ರಿಸೀವರು ಗಂಟನ್ನೇ ಸದ್ದು ಅಂದುಕೊಂಡು ಬಾರಿಸಿತು. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ, ಎಲ್ಲಾ ಸ್ಪೀಕರಿನಿಂದ, ಪೂರ್ತಿ ಗಟ್ಟಿಯಾಗಿ. ಅಕ್ಕಯಮ್ಮ ಅಂಗಳಕ್ಕೆ ಓಡಿದರು. ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದ ದಿವ್ಯ ಚಪ್ಪಲಿ ಬಿಡದೆ ಒಳಗೆ ಹೋಗಿ ಪ್ಲಗ್ಗು ಕಿತ್ತಳು. ಕಿವಿಯೂ ಹೋದರೆ ಏನು ಮಾಡುತ್ತೀರಿ ಅಂತ ಕೇಳಿ, ಅಲ್ಲೇ ನೆಲದ ಮೇಲೆ ಕೂತು ಅತ್ತಳಂತೆ. ಇದನ್ನು ಅವನೇ ನನಗೆ ಹೇಳಿದ್ದು. ಅವನು ಅವಳಿಗೆ ಸಮಾಧಾನ ಹೇಳಲಿಲ್ಲ. ಇನ್ನು ಮೇಲೆ ಪ್ರತಿ ಸಲ ರಿಸೀವರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ, ಆಮೇಲೆ ಒಂದೊಂದೇ ಮೆಟ್ಟಿಲು ಏರಿಸುತ್ತೇನೆ ಅಂತ ಮಾತು ಕೊಟ್ಟ. ಆ ಮಾತನ್ನು ಎಂದೂ ತಪ್ಪಲಿಲ್ಲ.

ತುಂಡು ಸೇರಿಸಿದ ಮೇಲೆ ಚಿಕ್ಕ ಗಂಟು ದಾಟಿತು. ರಿಸೀವರಿನ ಮುಂದಿನ ಪಟ್ಟಿಯಲ್ಲಿ ಯಾವ ತರದ ಸದ್ದು ಬಂದಿದೆ ಅಂತ ಇಂಗ್ಲಿಷ್ ಅಕ್ಷರ ಬರುತ್ತದೆ. ದಿವ್ಯ ಅದನ್ನು ಓದಿ ಹೇಳಿದಳು. ಸುತ್ತಲೂ ಸದ್ದು, ಆದರೆ ಮೇಲಿಂದ ಏನೂ ಇಲ್ಲ. ದೊಡ್ಡ ಗಂಟು ಹಾಕಿದರೆ ಪೂರ್ತಿ ಮೌನ. ಚಿತ್ರ ಓಡುತ್ತದೆ, ಕೋಣೆ ಸುಮ್ಮನಿರುತ್ತದೆ. ಹೆಸರಿನಲ್ಲಿ ಏನು ಬದಲಿಸಿದರೂ ಅಷ್ಟೆ. ತಂತಿ ಬದಲಿಸಿದ. ತಂತ್ರಾಂಶ ಹೊಸದು ಹಾಕಿದ. ಸಿನಿಮಾ ಓಡಿಸುವ ಪ್ರೋಗ್ರಾಂ ಬದಲಿಸಿದ. ವಾರಗಟ್ಟಲೆ, ಟೈಪಿಂಗ್ ಕೆಲಸ ಮುಗಿಸಿ ಊಟಕ್ಕೆ ಮೊದಲಿನ ಹೊತ್ತೆಲ್ಲ ಇದಕ್ಕೇ.

ತಪ್ಪು ರಿಸೀವರಿನಲ್ಲಿ ಇದೆಯೋ ಕಂಪ್ಯೂಟರಿನಲ್ಲಿ ಇದೆಯೋ ನೋಡೋಣ ಅಂತ ನಾನು ಅಂಗಡಿಯ ಡಿಸ್ಕ್ ಪ್ಲೇಯರನ್ನೇ ತಗೊಂಡು ಹೋದೆ. ಅದೇ ತಂತಿ, ಅದೇ ರಿಸೀವರ್, ಅದೇ ಡಿಸ್ಕ್. ಹಾಕಿದ ತಕ್ಷಣ ತಾರಸಿಯಿಂದ ಮಳೆ ಸುರಿಯಿತು. ಅಕ್ಕಯಮ್ಮ ನಿಜವಾಗಿಯೂ ಸೋರುತ್ತಿದೆಯೇನೋ ಅಂತ ಮೇಲೆ ನೋಡಿದರು. ರಿಸೀವರ್ ಸರಿಯಾಗಿದೆ, ಕಂಪ್ಯೂಟರೇ ಚೀಟಿ ಅಂಟಿಸುತ್ತಿಲ್ಲ ಅಂತ ಖಚಿತವಾಯಿತು. ನಾನು, ಈ ಪ್ಲೇಯರ್ ಇಲ್ಲೇ ಇಟ್ಕೊ, ಮುಗೀತು, ಅಂದೆ. ದಿವ್ಯಳ ಮುಖದಲ್ಲೂ ಸದ್ಯ ಅನ್ನುವ ಭಾವ ಬಂತು.

ಕೆಂಪರಾಜು ರಿಮೋಟ್ ಕೇಳಿದ. ಕೊಟ್ಟೆ. ಅವನು ಬಟನ್‌ಗಳನ್ನು ಬೆರಳಲ್ಲಿ ಎಣಿಸಿ ಒಂದನ್ನು ಒತ್ತಿದ. ತೆರೆಯ ಮೇಲೆ ಒಂದು ಪಟ್ಟಿ ತೆರೆದುಕೊಂಡಿತು, ಅವನಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ. ಕೆಳಗೆ, ಕೆಳಗೆ, ಒಳಗೆ ಅಂತ ಒತ್ತಿದ. ಸಿನಿಮಾ ಮೊದಲಿಂದ ಶುರುವಾಯಿತು, ಯಾವುದೋ ಬೇರೆ ದೇಶದ ಭಾಷೆಯಲ್ಲಿ. ಇನ್ನೆರಡು ಸಲ ಒತ್ತಿದ, ನಿಂತೇಹೋಯಿತು. ನಾವು ಮೂವರೂ ನೋಡುತ್ತಿದ್ದೆವು, ಯಾರೂ ಹೇಳಿಕೊಡಲು ಮುಂದಾಗಲಿಲ್ಲ. ಅವನು ರಿಮೋಟನ್ನು ನನ್ನ ಕೈಗೆ ವಾಪಸ್ ಇಟ್ಟ.

"ಇದಕ್ಕೆ ಬಾಯಿಲ್ಲ ಕಣೋ ಮುನೀಂದ್ರ. ಪ್ರತಿ ಸಲ ದಿವ್ಯ ಬಂದು ಒತ್ಕೊಡ್ಬೇಕು. ಅವಳು ಶಿಫ್ಟಲ್ಲಿದ್ರೆ ಅಮ್ಮನ್ನ ಕೇಳ್ಬೇಕು. ನನಗೆ ಯಾರನ್ನೂ ಕೇಳದೆ ಸಿನಿಮಾ ಕೇಳ್ಬೇಕು."

ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ ಸ್ಟಾಪಿನವರೆಗೆ ಬಂದ ದಿವ್ಯ, ಅವರು ಬಿಡೋದಿಲ್ಲ ಅಣ್ಣ, ನಾನೂ ಇನ್ನು ಬಿಡಿ ಅನ್ನಲ್ಲ, ಅಂದಳು.

ಆ ಕಂಪ್ಯೂಟರಿನ ಚಿಪ್ಪಿಗೆ ಸದ್ದು ಕಳಿಸುವುದನ್ನು ಕಲಿಸಿದ ಭಾಗ ಲಿನಕ್ಸಿನ ಒಳಗೇ ಇರುತ್ತದೆ. ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅದನ್ನು ಬರೆದು ನೋಡಿಕೊಳ್ಳುವವರು ಬೇರೆ ಬೇರೆ ದೇಶಗಳಲ್ಲಿದ್ದಾರೆ, ಎಲ್ಲರೂ ಒಂದು ಇಮೇಲ್ ಬಳಗದಲ್ಲಿ ಮಾತಾಡಿಕೊಳ್ಳುತ್ತಾರೆ. ಕೆಂಪರಾಜು ಅಲ್ಲಿಗೆ ಬರೆದ. ಅವನ ಇಂಗ್ಲಿಷ್ ಐಟಿಐ ಇಂಗ್ಲಿಷ್. ಏನು ಮಾಡಿದೆ, ಏನಾಯಿತು, ಏನಾಗಲಿಲ್ಲ ಅಂತ ಸಣ್ಣ ಸಣ್ಣ ವಾಕ್ಯದಲ್ಲಿ ಬರೆದ. ಬಹಳ ದಿನ ಉತ್ತರವಿಲ್ಲ. ಮತ್ತೆ ಬರೆದ. ಆಗ ಪೋಲೆಂಡಿನ ಒಬ್ಬ ಇಂಜಿನಿಯರ್ ಉತ್ತರಿಸಿದ. ದೊಡ್ಡ ಗಂಟು ಈ ಚಿಪ್ಪಿನಲ್ಲಿ ಹೋಗಬೇಕು ಅಂತ ಅದರ ತಯಾರಕರ ಪುಸ್ತಕದಲ್ಲಿದೆ, ಆದರೆ ಡ್ರೈವರಿನಲ್ಲಿ ಯಾರೂ ಆ ಭಾಗ ಬರೆದಿಲ್ಲ, ನನ್ನ ಹತ್ತಿರ ಅಂಥ ರಿಸೀವರಿಲ್ಲ, ನಾನು ಬರೆದರೆ ನೀನು ಪರೀಕ್ಷೆ ಮಾಡುತ್ತೀಯಾ, ತೆರೆಯ ಫೋಟೋ ಕಳಿಸುತ್ತೀಯಾ, ಅಂತ ಕೇಳಿದ್ದ. ಇವನು, ಪರೀಕ್ಷೆ ಮಾಡುತ್ತೇನೆ, ನನಗೆ ಕಣ್ಣು ಕಾಣುವುದಿಲ್ಲ, ಕೇಳಿಸಿದ್ದನ್ನು ಬರೆಯುತ್ತೇನೆ, ಅಂತ ಉತ್ತರ ಕೊಟ್ಟ. ಆ ಮನುಷ್ಯ ಮುಂದಿನ ಇಮೇಲಿನಿಂದ ಫೋಟೋ ಕೇಳುವುದನ್ನು ಬಿಟ್ಟು, ಅಕ್ಷರದಲ್ಲಿ ಓದಲು ಬರುವ ವಿವರಗಳನ್ನು ಮಾತ್ರ ಕೇಳತೊಡಗಿದ. ಅದು ಕೆಂಪರಾಜುಗೆ ಬಹಳ ಹಿಡಿಸಿತು.

ಹೀಗೆ ಕೆಲಸ ಶುರುವಾಯಿತು. ಅಲ್ಲಿಂದ ತಿದ್ದುಪಡಿ ಬರುವುದು, ಇವನು ಅದನ್ನು ಸೇರಿಸಿ ಲಿನಕ್ಸಿನ ತಿರುಳನ್ನೇ ಹೊಸದಾಗಿ ಕಟ್ಟುವುದು, ಅದಕ್ಕೆ ಆ ಪುಟ್ಟ ಕಂಪ್ಯೂಟರು ಅರ್ಧ ದಿನ ತಗೊಳ್ಳುವುದು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಕರೆಂಟಿನ ಕಾಟ ತಡೆಯಲಾರದೆ ನನ್ನ ಮೈಕ್‌ಸೆಟ್ಟಿನ ಒಂದು ಬ್ಯಾಟರಿ, ಯುಪಿಎಸ್ ತಗೊಂಡು ಹೋದ.

ಮೊದಲ ತಿದ್ದುಪಡಿ ಹಾಕಿದಾಗ ಕಂಪ್ಯೂಟರು ಏಳಲೇ ಇಲ್ಲ. ಪೂರ್ತಿ ಏಳದಿದ್ದರೆ ಒಳಗಿನವನೂ ಏಳುವುದಿಲ್ಲ. ತೆರೆಯ ಮೇಲೆ ಬಿಳಿ ಅಕ್ಷರ ತುಂಬಿ ನಿಂತಿರುತ್ತದೆ, ಅದನ್ನು ಓದಿ ಹೇಳುವವರು ಬೇಕು. ಯಾರನ್ನೂ ಕೇಳಬಾರದು ಅಂತ ಹೊರಟವನು ಹೆಂಡತಿಯನ್ನು ಕೇಳಬೇಕಾಯಿತು. ಅವನಿಗೆ ಅದು ಸುಲಭವಾಗಿರಲಿಲ್ಲ ಅಂತ ಆಮೇಲೆ ಒಮ್ಮೆ ಹೇಳಿದ. ದಿವ್ಯ ಎಸ್ಸೆಸ್ಸೆಲ್ಸಿ ಓದಿದವಳು. ಆ ಸಾಲುಗಳಲ್ಲಿದ್ದ ಇಂಗ್ಲಿಷ್ ಅವಳು ಯಾವ ಪಾಠದಲ್ಲೂ ನೋಡಿರಲಿಲ್ಲ. ಒಂದೊಂದೇ ಅಕ್ಷರ ಓದಿದಳು. ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಜೋಡಿಸಿ ಬರೆದು ಕಳಿಸಿದ. ಎರಡನೇ ಸಲಕ್ಕೆ ಅವಳಿಗೆ ಕೆಲವು ಪದ ಗುರುತು ಸಿಕ್ಕಿದವು, ತಿರುಳು ಅರ್ಧಕ್ಕೇ ನಿಂತುಹೋದಾಗ ಬರುವ ಪ್ಯಾನಿಕ್ ಅನ್ನುವುದೂ. ಆಮೇಲಾಮೇಲೆ ಬಾಗಿಲಲ್ಲಿ ಬ್ಯಾಗ್ ಇಡುತ್ತಲೇ ತೆರೆಯ ಕಡೆ ನೋಡಿ, "ಇವತ್ತೂ ಪ್ಯಾನಿಕ್ ಅಂತ ಬಂದಿದೆ ರೀ, ಆದ್ರೆ ಹೋದ ಸಲಕ್ಕಿಂತ ಕೆಳಗಿನ ಸಾಲಲ್ಲಿ," ಅನ್ನುವಷ್ಟು ಆಯಿತು. ಹಳೆಯ ತಿರುಳಿಗೆ ವಾಪಸ್ ಹೋಗಲು ಯಾವ ಹೊತ್ತಿಗೆ ಯಾವ ಕೀಲಿ ಎಷ್ಟು ಸಲ ಒತ್ತಬೇಕು ಅಂತ ಅವನು ಬಾಯಿಪಾಠ ಮಾಡಿಕೊಂಡ.

ಏಳುವಂತಾದ ಮೇಲೂ ದೊಡ್ಡ ಗಂಟು ದಾಟಲಿಲ್ಲ. ಒಮ್ಮೆ ಒಂದು ಕ್ಷಣ ಸದ್ದು ಬಂದು ನಿಂತಿತು. ಇನ್ನೊಮ್ಮೆ ಚಿತ್ರವೇ ಹೋಯಿತು. ಪ್ರತಿಯೊಂದನ್ನೂ ಅವನು ಬರೆದು ಕಳಿಸಿದ. ಅಷ್ಟರಲ್ಲಿ ಪೋಲೆಂಡಿನವನಿಗೆ ಮಗು ಹುಟ್ಟಿತು, ಕೆಲವು ತಿಂಗಳು ಈ ಕಡೆ ಬರುವುದಿಲ್ಲ ಅಂತ ತಿಳಿಸಿದ. ಇಲ್ಲಿಗೆ ನಿಂತಿತು ಅಂತ ನಾನು ಮನಸ್ಸಿನಲ್ಲಿ ಅಂದುಕೊಂಡೆ. ಕೆಂಪರಾಜು ಅವನಿಗೆ ಶುಭಾಶಯ ಬರೆದು, ಡ್ರೈವರಿನ ಬರಹವನ್ನು ತಾನೇ ಓದಲು ಕೂತ.

ಓದುವುದು ಅಂದರೆ ಕೇಳುವುದು. ಒಂದೊಂದು ಸಾಲು, ಒಂದೊಂದು ಚಿಹ್ನೆ, ಆವರಣ ತೆಗೆ, ಆವರಣ ಮುಚ್ಚು ಅಂತೆಲ್ಲ ಒಳಗಿನವನು ಹೇಳುತ್ತಾ ಹೋಗುತ್ತಾನೆ. ಪ್ರೋಗ್ರಾಂ ಬರೆಯುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವೈರಿಂಗ್. ಒಂದು ದೊಡ್ಡ ಪ್ಯಾನೆಲ್ ಬೋರ್ಡಿನಲ್ಲಿ ಕೆಟ್ಟ ತಂತಿ ಹುಡುಕುವಾಗ ಪಕ್ಕದ ಒಳ್ಳೆಯ ಬೋರ್ಡಿನ ಜೊತೆ ಹೋಲಿಸಿ ನೋಡುತ್ತೇವಲ್ಲ, ಹಾಗೆ ದೊಡ್ಡ ಗಂಟು ಸರಿಯಾಗಿ ದಾಟಿಸುವ ಬೇರೊಂದು ಚಿಪ್ಪಿನ ಡ್ರೈವರನ್ನು ಪಕ್ಕಕ್ಕಿಟ್ಟು ಎರಡನ್ನೂ ಕೇಳುತ್ತಾ ಹೋದ. ರಾಗಿ ಕೊಯ್ಲು ಮುಗಿಯಿತು, ಅವರೆಕಾಯಿ ಬಂತು, ಹೋಯಿತು. ಅಕ್ಕಯಮ್ಮ ಅವನ ಪಕ್ಕದಲ್ಲಿ ಅವರೆಕಾಳು ಹಿಸುಕುತ್ತಾ ಕೂತು, ಒಳಗಿನವನು ಇತ್ತೀಚೆಗೆ ಏನು ಹೇಳ್ತಾನೋ ಒಂದೂ ತಿಳಿಯಲ್ಲ, ಅನ್ನುತ್ತಿದ್ದರು. ನನಗೂ ಅಷ್ಟೆ ಕಣಮ್ಮ, ಅನ್ನುತ್ತಿದ್ದ.

ಒಂದು ಕಡೆ ಅವನ ಬೆರಳು ನಿಂತಿತು. ಒಳ್ಳೆಯ ಡ್ರೈವರಿನಲ್ಲಿ ಸದ್ದು ಶುರುವಾಗುವ ಮೊದಲು ಚೀಟಿ ಅಂಟಿಸಿ, ಆಮೇಲೆ ಬಾಗಿಲು ತೆರೆಯುತ್ತಿದ್ದರು. ಇವನದರಲ್ಲಿ ಬಾಗಿಲು ಮೊದಲು, ಚೀಟಿ ಆಮೇಲೆ. ಅವನು ಆ ಎರಡು ಕೆಲಸವನ್ನು ಅದಲುಬದಲು ಮಾಡಿ ಕಟ್ಟಿದ. ಸದ್ದು ಬಂತು, ಆದರೆ ಹರಿದು ಹರಿದು ಬಂತು. ಹಾಗೇ ಬರೆದು ಕಳಿಸಿದ. ಪೋಲೆಂಡಿನವನು ಮಗುವಿನ ರಗಳೆಯ ನಡುವೆಯೇ ಓದಿದ್ದನೇನೋ, ಬೇಗ ಉತ್ತರ ಬಂತು. ನೀನು ತಿದ್ದಿದ ಜಾಗ ಸರಿಯಿಲ್ಲ, ಆದರೆ ನಿನ್ನ ಅನುಮಾನ ಸರಿ. ಅದಲುಬದಲು ಮಾಡಬೇಕಾದ್ದು ಇನ್ನೂ ಒಂದು ಹಂತ ಒಳಗೆ, ಅಂತ ಹೇಳಿ ಹೊಸ ತಿದ್ದುಪಡಿ ಕಳಿಸಿದ್ದ.

ಅದನ್ನು ಕಟ್ಟಿ ಮುಗಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಅವತ್ತು ಮದುವೆಯೊಂದಕ್ಕೆ ಮೈಕ್ ಹಾಕಿ ಅನುಗೊಂಡನಹಳ್ಳಿಯಲ್ಲಿದ್ದೆ, ಆದ್ದರಿಂದ ಇದು ದಿವ್ಯ ಹೇಳಿದ್ದು. ಕಂಪ್ಯೂಟರು ಎದ್ದಿತು. ಅವನು ವಾಲ್ಯೂಮ್ ಸೊನ್ನೆಗೆ ಇಳಿಸಿ ಸಿನಿಮಾ ಹಾಕಿದ. ರಿಸೀವರಿನ ಪಟ್ಟಿಯಲ್ಲಿ ಅಕ್ಷರ ಬದಲಾದದ್ದು ಅವಳಿಗೆ ಕಾಣಿಸಿತು. ಅವನೇ ಕೇಳಿ ತಿಳಿಯಲಿ ಅಂತ ಕಾದಳು. ಅವನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದ. ಮೊದಲು ದೂರದ ಗುಡುಗಿನ ಹಾಗೆ, ಆಮೇಲೆ ಮುಂದಿನಿಂದ ಮಾತು, ಹಿಂದಿನಿಂದ ಹೆಜ್ಜೆ, ಆಮೇಲೆ ತಾರಸಿಯಲ್ಲಿ ಅವನೇ ಕೊರೆದ ತೂತುಗಳಿಂದ ಮಳೆ. ಅವನು ಸಿನಿಮಾ ನಿಲ್ಲಿಸಿ, ಮೊದಲು ಇಮೇಲ್ ಬರೆದ. ಒಳಗಿನವನು ತಪ್ಪು ಅಕ್ಷರ ಹೇಳಿದಾಗಲೆಲ್ಲ ಅಳಿಸಿ ಅಳಿಸಿ ಬರೆದ. ಆಮೇಲೆ ಎದ್ದುಹೋಗಿ ಮುಖ ತೊಳೆದುಕೊಂಡು ಬಂದ.

ಮಧ್ಯಾಹ್ನ ಊಟ ಆದ ಮೇಲೆ ಮೂವರೂ ಕೂತು ಸಿನಿಮಾ ಶುರು ಮಾಡಿದರು. ಹಾಕಿದ್ದು ಅವನೇ, ಭಾಷೆ ಆರಿಸಿದ್ದು ಅವನೇ. ಇಡೀ ಸಿನಿಮಾದಲ್ಲಿ ತಲೆಯ ಮೇಲಿಂದ ಸದ್ದು ಬಂದದ್ದು ಕೆಲವೇ ಕಡೆ. ಅದಕ್ಕೆ ಇಷ್ಟು ಪಾಡೇ ಅಂತ ಯಾರಾದರೂ ಕೇಳಬಹುದು. ಅಕ್ಕಯಮ್ಮ ಕಥೆ ಹಿಡಿಸದೆ ಎದ್ದುಹೋದರು. ದಿವ್ಯ ಆ ವಾರವೆಲ್ಲ ಓವರ್‌ಟೈಮ್ ಮಾಡಿದ್ದಳು. ಹೇಳಿಕೊಡುವ ಕೆಲಸ ಇರಲಿಲ್ಲವಲ್ಲ, ಸೋಫಾಗೆ ಒರಗಿದವಳಿಗೆ ಹಾಗೇ ನಿದ್ದೆ ಹತ್ತಿತು. ಅವಳ ಉಸಿರಿನಲ್ಲೇ ಅವನಿಗೆ ಗೊತ್ತಾಯಿತು. ಎಬ್ಬಿಸಲಿಲ್ಲ. ವಾಲ್ಯೂಮ್ ಒಂದೆರಡು ಮೆಟ್ಟಿಲು ತಗ್ಗಿಸಿ ಕೊನೆಯವರೆಗೂ ಒಬ್ಬನೇ ಕೇಳಿದ. ಸಂಜೆ ಕಾಫಿ ಕುಡಿಯುವಾಗ, ಯಾರು ಎಲ್ಲಿಂದ ಬಂದರು, ಯಾರು ಯಾರ ಬೆನ್ನಿಗೆ ನಿಂತಿದ್ದರು ಅಂತ ಅವಳಿಗೆ ಪೂರ್ತಿ ಕಥೆ ಹೇಳಿದ.

"ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರ್ಲಿಲ್ಲ ಅಣ್ಣ," ಅಂದಳು ದಿವ್ಯ ನನಗೆ. ಮುಂದಿನ ಭಾನುವಾರ ಅವಳು ಎಚ್ಚರವಿದ್ದು ನೋಡಿದಳಂತೆ.

ಆ ತಿದ್ದುಪಡಿ ಲಿನಕ್ಸಿನ ಮುಂದಿನ ಬಿಡುಗಡೆಯಲ್ಲಿ ಸೇರಿತು. ಅದರ ಕೆಳಗೆ ಬರೆದವನ ಹೆಸರು, ಆಮೇಲೆ ಪರೀಕ್ಷೆ ಮಾಡಿದವನ ಹೆಸರು ಇರುತ್ತದೆ. ಕೆಂಪರಾಜು, ತೂಬಗೆರೆ ಅಂತ ಇದೆ. ಊರಿನ ಹೆಸರು ಹಾಕುವ ಪದ್ಧತಿ ಇಲ್ಲವಂತೆ, ಇವನೇ ಕೇಳಿ ಹಾಕಿಸಿದ. ಬ್ರೆಜಿಲಿನ ಒಬ್ಬ, ಕೊರಿಯಾದ ಒಬ್ಬ, ನಮಗೂ ಈಗ ಸದ್ದು ಬರುತ್ತಿದೆ ಅಂತ ಬಳಗಕ್ಕೆ ಬರೆದಿದ್ದರು. ಅವನು ಆ ಇಮೇಲುಗಳನ್ನು ಅಕ್ಕಯಮ್ಮನಿಗೆ ಒಳಗಿನವನಿಂದಲೇ ಓದಿಸಿದ. ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ನಡುವೆ ಮಗನ ಹೆಸರು ಬಂದಾಗ, ಇನ್ನೊಂದ್ಸಲ ಹಾಕು ಕಣ್ಲಾ, ಅಂದರು.

ನಾನು ಅವನಿಗೊಂದು ಹಾರ ಹಾಕೋಣ, ಊರಲ್ಲಿ ಸಣ್ಣ ಕಾರ್ಯಕ್ರಮ ಮಾಡೋಣ ಅಂತ ಓಡಾಡಿದೆ. ಮೈಕ್‌ಸೆಟ್ ಹೇಗೂ ನನ್ನದೇ. ಅವನು ಬೇಡ ಅಂದ. ಅವನಿಗೆ ಪುರುಸೊತ್ತಿರಲಿಲ್ಲ. ರಿಸೀವರಿಗೇ ಅದರದ್ದೊಂದು ಮೆನು ಇದೆ. ಯಾವ ಸ್ಪೀಕರ್ ಎಷ್ಟು ದೂರ, ಯಾವುದು ಗಟ್ಟಿ ಅಂತೆಲ್ಲ ಅಲ್ಲೇ ಹಾಕಬೇಕು. ಅದೂ ಬಾಯಿಲ್ಲದ್ದು. ನೆಟ್‌ವರ್ಕ್ ತಂತಿ ಹಾಕಿದರೆ ಕಂಪ್ಯೂಟರಿನಿಂದಲೇ ಅದನ್ನು ಮಾತಾಡಿಸಬಹುದು ಅಂತ ಎಲ್ಲೋ ಓದಿದ್ದಾನೆ. ತಯಾರಕರಿಗೆ ಬರೆದ, ಅಂಥ ಸೌಲಭ್ಯ ಇಲ್ಲ ಅಂತ ಉತ್ತರ ಬಂತು. ಇಲ್ಲ ಅಂದರೆ ಯಾರೂ ಬರೆದಿಲ್ಲ ಅಂತ ಅರ್ಥ, ಅಂದ ನನಗೆ. ಹೋದ ಬುಧವಾರ ಅಂಗಡಿಗೆ ಬಂದು, ಉದ್ದನೆಯ ನೆಟ್‌ವರ್ಕ್ ತಂತಿ ಒಂದನ್ನು ತಾನೇ ಬೆರಳಲ್ಲಿ ತಡವಿ ಆರಿಸಿ, ಎರಡೂ ತುದಿಯ ಕ್ಲಿಪ್ಪು ಮುರಿದಿಲ್ಲ ಅಂತ ನೋಡಿಕೊಂಡು, ಸುತ್ತಿ ಚೀಲಕ್ಕೆ ಹಾಕಿಕೊಂಡು, ತೂಬಗೆರೆ ಬಸ್ಸಿಗೆ ಹೊತ್ತಾಯಿತು ಅಂತ ಹೊರಟ.